ಸಂದರ್ಶನಕ್ಕೆ ಕೀ ಉತ್ತರವಿಲ್ಲ: ಪುಣೆಯಿಂದ ಪೆರ್ಲಕ್ಕೆ ಮರಳಿದ ಮೇಲಿನ ದಿನಗಳು

ಪೆರ್ಲದ ವಿದ್ಯಾರ್ಥಿನಿ | ಸೋಮವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಪ್ರವೇಶದ ಸಂದರ್ಶನ ಮುಗಿಸಿ ನಾನು ಕಾಸರಗೋಡಿನ ಪೆರ್ಲದ ಮನೆಗೆ ಬಂದು ಇಂದಿಗೆ ನಾಲ್ಕು ದಿನ. ಆ ಕೋಣೆಯೊಳಗೆ ಕಳೆದ ಹತ್ತು ಹನ್ನೆರಡು ನಿಮಿಷಗಳನ್ನು ಈ ನಾಲ್ಕು ದಿನಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಎಷ್ಟು ಸಲ ನಡೆಸಿದ್ದೇನೋ ಲೆಕ್ಕವಿಟ್ಟಿಲ್ಲ. ಇದೇ ದಾರಿಯಲ್ಲಿ ಹೋಗಿ ಬಂದವರು ಇಲ್ಲಿದ್ದರೆ, ಹೊರಗೆ ಬಂದ ಮೇಲೆ ಅವರಿಗೆ ಏನನ್ನಿಸಿತ್ತು, ಆ ಅನಿಸಿಕೆಗೂ ಆಮೇಲೆ ಬಂದ ಫಲಿತಾಂಶಕ್ಕೂ ಏನಾದರೂ ಸಂಬಂಧವಿತ್ತೇ ಎಂದು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಮ್ಮಲ್ಲಿ ಎಂಬಿಬಿಎಸ್ ಸೀಟು ಈಗ ಬಹುಮಟ್ಟಿಗೆ ನೀಟ್ ರ‍್ಯಾಂಕಿನಿಂದಲೇ ತೀರ್ಮಾನವಾಗುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಪುಣೆಯಲ್ಲಿ ಓದಿದವರು ಮುಂದೆ ಸೇನೆಯ ವೈದ್ಯಾಧಿಕಾರಿಗಳಾಗಬೇಕಾದ ಕಾರಣ ಅಲ್ಲಿ ಇಂದಿಗೂ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿ ಮಾತನಾಡಿಸುತ್ತಾರೆ. ನೀಟ್‌ನ 720 ಅಂಕಗಳಿಗೆ ಅಲ್ಲಿಯೇ ನಡೆಯುವ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆಯ 80 ಅಂಕಗಳನ್ನು ಸೇರಿಸಿ, ಬಂದ ಒಟ್ಟನ್ನು 200ಕ್ಕೆ ಇಳಿಸುತ್ತಾರೆ. ಸಂದರ್ಶನಕ್ಕೆ 50 ಅಂಕಗಳಿವೆ. ಅಂದರೆ ಐದರಲ್ಲಿ ಒಂದು ಪಾಲು ಆ ಕೋಣೆಯೊಳಗಿದೆ. 145 ಸೀಟುಗಳಲ್ಲಿ ಹುಡುಗಿಯರಿಗೆ 30.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ಪ್ರಶ್ನೆಗಳು ಸುಲಭವಾಗಿದ್ದವು, ಎದುರಿಗೆ ಕುಳಿತವರು ಸೌಜನ್ಯದಿಂದಲೇ ಮಾತನಾಡಿದರು. ಬಳಿಕ ಒಬ್ಬರು ಕಾಸರಗೋಡು ಕೇರಳದಲ್ಲಿದೆಯೋ ಕರ್ನಾಟಕದಲ್ಲಿದೆಯೋ ಎಂದು ಕೇಳಿದರು. ಕೇರಳ ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಮನೆಮಾತು ಕನ್ನಡ, ಅಂಗಡಿಯ ಮಾತು ಮಲಯಾಳ, ಅಕ್ಕಪಕ್ಕದವರ ಮಾತು ತುಳು ಎಂದು ವಿವರಿಸಲು ಹೊರಟು, ನಮ್ಮದನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ತೋಚದೆ ನಡುದಾರಿಯಲ್ಲಿ ನಿಂತುಬಿಟ್ಟೆ. ಅನಂತರ ನಿಮ್ಮ ಊರಿನ ದೊಡ್ಡ ಆರೋಗ್ಯ ಸಮಸ್ಯೆ ಯಾವುದು ಎಂಬ ಪ್ರಶ್ನೆ ಬಂತು. ಎಂಡೋಸಲ್ಫಾನ್ ಕೀಟನಾಶಕ ಎಂದೆ. ಅದು ದೇಹದಲ್ಲಿ ಏನು ಮಾಡುತ್ತದೆ ಎಂದು ಕೇಳಿದರು. ನನಗೆ ಗೊತ್ತಿತ್ತು; ನಮ್ಮ ಪಂಚಾಯತಿನಲ್ಲಿ ಹುಟ್ಟಿದವಳಿಗೆ ಅದು ಗೊತ್ತಿರದೆ ಇರುತ್ತದೆಯೇ? ಆದರೆ ಬಾಯಿಂದ ಬಂದದ್ದು ನರಗಳಿಗೆ ತೊಂದರೆಯಾಗುತ್ತದೆ ಎಂಬ ಒಂದು ಬಡ ವಾಕ್ಯ ಮಾತ್ರ. ಅವರು ತಲೆಯಾಡಿಸಿ ಕಾಗದದಲ್ಲಿ ಏನೋ ಗುರುತು ಹಾಕಿಕೊಂಡರು.

ಹೊರಗೆ ಬಂದಾಗ ದುಃಖವೇನೂ ಆಗಲಿಲ್ಲ, ಹಸಿವಾಯಿತು. ಎರಡು ವಡಾಪಾವ್ ತಿಂದೆ. ಪನವೇಲ್‌ಗೆ ಬಂದು ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತುವವರೆಗೂ ಹಗುರವಾಗಿಯೇ ಇದ್ದೆ. ರತ್ನಾಗಿರಿಯ ಹತ್ತಿರ ಕರ್ಬುಡೆಯ ಆರೂವರೆ ಕಿಲೋಮೀಟರ್ ಉದ್ದದ ಸುರಂಗದೊಳಗೆ ರೈಲು ಹೊಕ್ಕಾಗ, ಗಾಬಾ ಎಂಬ ರಾಸಾಯನಿಕ ನರಕೋಶಗಳ ಉದ್ರೇಕಕ್ಕೆ ಹೇಗೆ ಕಡಿವಾಣ ಹಾಕುತ್ತದೆ, ಎಂಡೋಸಲ್ಫಾನ್ ಗಾಬಾ ತೆರೆಯುವ ಕ್ಲೋರೈಡ್ ದ್ವಾರವನ್ನು ಮುಚ್ಚಿ ಆ ಕಡಿವಾಣವನ್ನು ಹೇಗೆ ತಪ್ಪಿಸುತ್ತದೆ, ಸೆಳವು ಏಕೆ ಬರುತ್ತದೆ ಎಂಬ ಇಡೀ ಉತ್ತರ ಇಂಗ್ಲಿಷಿನಲ್ಲಿಯೇ ಒಂದೂ ತಪ್ಪಿಲ್ಲದೆ ನನ್ನ ಮುಂದೆ ಬಂದು ನಿಂತಿತು. ಅಂದಿನಿಂದ ನಿದ್ರೆ ಸರಿಯಾಗಿಲ್ಲ. ಇದು ಎಷ್ಟು ದಿನ ಇರುತ್ತದೆ?


ಬದಿಯಡ್ಕದ ಹಳೆಯ ವೈದ್ಯ | ಸೋಮವಾರ, ರಾತ್ರಿ 11.55

ತಂಗೀ, ನೀವು ತಾಳಮದ್ದಳೆ ಕೇಳಿ ಬೆಳೆದವರಾಗಿದ್ದರೆ ನಿಮ್ಮ ರೋಗಕ್ಕೆ ಹೊಸ ಹೆಸರು ಹುಡುಕುವ ಅಗತ್ಯವಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಪದಗಳಿಗೆ ಅರ್ಥ ಹೇಳುತ್ತಿದ್ದ ನಮ್ಮ ತಂದೆ, ಎದುರು ಪಾತ್ರಧಾರಿಯ ಒಂದು ಮಾತಿಗೆ ಸಭೆಯಲ್ಲಿ ತಡವರಿಸಿದ ದಿನ, ಬೆಳಗಿನ ಜಾವ ಟಾರ್ಚು ಹಿಡಿದು ತೋಟದ ಸಂಕ (ಕಾಲುಸೇತುವೆ) ದಾಟುವಾಗ ಸಟಕ್ಕನೆ ನಿಂತು ಸರಿಯಾದ ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಕೇಳುವುದಕ್ಕೆ ನಾನು ಮತ್ತು ಕಪ್ಪೆಗಳು. ನಮ್ಮ ಮನೆಯಲ್ಲಿ ಅದಕ್ಕೆ 'ಸಂಕದ ಅರ್ಥ' ಎಂದೇ ಹೆಸರಾಗಿತ್ತು. ನಿಮ್ಮದು ಸುರಂಗದ ಅರ್ಥ. ಭಯ ಸರಿದ ಮೇಲೆ ಬಾಗಿಲು ತೆರೆಯುವುದು ಮಿದುಳಿನ ಸ್ವಭಾವ, ಅದು ನಿಮ್ಮ ಓದಿನ ಕೊರತೆಯಲ್ಲ; ಓದಿಲ್ಲದವರಿಗೆ ಆ ಉತ್ತರ ಮಂಗಳೂರು ದಾಟಿದರೂ ಬರುತ್ತಿರಲಿಲ್ಲ.

ನನ್ನ ಅನುಭವ 80ರ ದಶಕದ್ದು. ಆಗ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಯಲ್ಲಿ ಆಯ್ದವರನ್ನು ಕರೆಸಿ, ಒಂದು ದಿನದಲ್ಲಿ ಮುಗಿಸದೆ, ಕೆಲವು ದಿನ ಅಲ್ಲಿಯೇ ಇರಿಸಿಕೊಂಡು ಮಾತು, ಗುಂಪು ಚಟುವಟಿಕೆ ಎಲ್ಲವನ್ನೂ ನೋಡುತ್ತಿದ್ದರು. ಸಂದರ್ಶನ ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂದು ನಂಬಿ ನಾವೆಲ್ಲ ಒಬ್ಬರಿಗೊಬ್ಬರು ಅತಿಯಾಗಿ ಉಪಚಾರ ಮಾಡುತ್ತಿದ್ದೆವು. ಹಾಗೆ ಉಪಚಾರ ಮಾಡಿದ್ದು ಬರೆದುಕೊಂಡರೋ ಇಲ್ಲವೋ, ನನಗೆ ಸೀಟು ಸಿಗಲಿಲ್ಲ. ಬೇರೆ ಕಡೆ ಓದಿದೆ. ಆ ಪದ್ಧತಿಯನ್ನು ಬಿಟ್ಟುಕೊಡಲು ಕಾಲೇಜು ಸುಲಭದಲ್ಲಿ ಒಪ್ಪಲಿಲ್ಲವೆಂಬುದನ್ನು ಇಲ್ಲಿನ ಕಿರಿಯರು ತಿಳಿದಿರಲಿ: 2017ರಲ್ಲಿ ಅವರು ನೂರು ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿದರು. ಕೊನೆಗೆ 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು ತೀರ್ಪು ನೀಡಿತು.

ಮುಂದೆ ಮೇಜಿನ ಆಚೆ ಕೂರುವ ಕೆಲಸವೂ ಬಂತು. ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯರನ್ನೂ ದಾದಿಯರನ್ನೂ ಆರಿಸುವ ಸಮಿತಿಯಲ್ಲಿ ವರ್ಷಗಟ್ಟಲೆ ಕುಳಿತವನಾಗಿ ಹೇಳುತ್ತೇನೆ: ನೀವು ಪ್ರಳಯವೆಂದು ತಿಳಿದ ಆ ಮೌನದಲ್ಲಿ ನಾವು ಹೆಚ್ಚಾಗಿ ತಣ್ಣಗಾದ ಚಹಾವನ್ನು ನೋಡುತ್ತಿರುತ್ತೇವೆ. ಎಂಟನೆಯ ಅಭ್ಯರ್ಥಿಯ ಹೊತ್ತಿಗೆ ಮೂರನೆಯವರ ಮುಖ ಮರೆತಿರುತ್ತದೆ, ಕಾಗದದಲ್ಲಿ ಬರೆದಿಟ್ಟ ಎರಡು ಪದ ಮಾತ್ರ ಉಳಿದಿರುತ್ತದೆ. ನೀವು ಕಂಡ ಗುರುತು ಟಿಕ್ಕೋ ತಪ್ಪೋ ಎಂದು ಈ ಕಡೆಯಿಂದ ತಿಳಿಯಲಾಗದು; ಅದು ಬರೇ ನಿಮ್ಮ ಕ್ರಮಸಂಖ್ಯೆಯೂ ಆಗಿರಬಹುದು. ಹಾಗೆಂದು ತಡವರಿಸಿದ್ದಕ್ಕೆ ಅಂಕ ಹೋಗುವುದೇ ಇಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಹೋಗುತ್ತದೆ. ಎಷ್ಟು ಹೋಗುತ್ತದೆ ಎಂಬುದನ್ನು ಮಾತ್ರ ತಡವರಿಸಿದವರು ಯಾವಾಗಲೂ ಹತ್ತುಪಟ್ಟು ಹೆಚ್ಚಾಗಿ ಲೆಕ್ಕ ಹಾಕುತ್ತಾರೆ.


ಮಂಜೇಶ್ವರದ ತಾಯಿ | ಮಂಗಳವಾರ, ಬೆಳಗ್ಗೆ 6.20

ನನ್ನ ಮಗನೂ ಕಳೆದ ವಾರ ಅಲ್ಲಿಗೆ ಹೋಗಿ ಬಂದಿದ್ದಾನೆ. ಬಂದವನು 'ಆಯಿತು' ಎಂಬ ಒಂದೇ ಮಾತು ಹೇಳಿದ. ನಾನು ಹೇಗಾಯಿತು ಎಂದು ಕೇಳಿದರೆ ಸಿಟ್ಟು, ಕೇಳದೆ ಇದ್ದರೆ ನನಗೇನೂ ಆಸಕ್ತಿಯಿಲ್ಲವೆಂಬ ಮುನಿಸು. ನೆಂಟರ ದೂರವಾಣಿಗೆ ಉತ್ತರಿಸುವುದೇ ಈಗ ನನಗೆ ಕೆಲಸ. ಮನೆಯವರು ಏನು ಮಾಡಿದರೆ ನಿಮಗೆಲ್ಲ ಹಿತವಾಗುತ್ತದೆ ಎಂದು ದಯವಿಟ್ಟು ಯಾರಾದರೂ ಹೇಳಿ. ನಾನು ಕಲಿತದ್ದು ಎಸ್ಸೆಸ್ಸೆಲ್ಸಿ; ಅವನ ಪ್ರಶ್ನೆಗಳು ನನಗೆ ಅರ್ಥವಾಗಬೇಕೆಂದೇನೂ ಇಲ್ಲ.


ಅಂಕವೇ ಸಾಕು | ಮಂಗಳವಾರ, ಬೆಳಗ್ಗೆ 9.05

ಇಲ್ಲಿ ಎಲ್ಲರೂ ಸಂದರ್ಶನವನ್ನು ಒಂದು ಅನುಭವವೆಂಬಂತೆ ವರ್ಣಿಸುತ್ತಿರುವುದರಿಂದ ಸ್ವಲ್ಪ ಕಹಿಯಾದರೂ ಬೇರೆ ಮಾತು ಹೇಳುತ್ತೇನೆ. ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ಸಂದರ್ಶನವೆಂದರೆ ಎರಡು ಪರೀಕ್ಷೆಗಳು: ಒಂದು ಪ್ರಶ್ನೆಯದ್ದು, ಇನ್ನೊಂದು ಭಾಷೆಯದ್ದು. ಅಂಕ ಮಾತ್ರ ಎರಡನ್ನೂ ಸೇರಿಸಿ ಒಂದೇ ಕಡೆ ಬೀಳುತ್ತದೆ. ನೀಟ್ 2017ರಿಂದ ಕನ್ನಡದಲ್ಲಿಯೂ ಇದೆ. ಅದರಲ್ಲಿಯೂ ನಮ್ಮ ಪಾಡು ಏನೆಂದರೆ, ಕನ್ನಡದ ಪ್ರಶ್ನೆಪತ್ರಿಕೆ ಬೇಕಾದವರು ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು. ನಾನು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಿಯೇ ಬರೆದೆ. ಆದರೂ ಅಲ್ಲಿ ನನ್ನ ಉಚ್ಚಾರಣೆಯನ್ನು ಯಾರೂ ಕೇಳಲಿಲ್ಲ.

ಇನ್ನೊಂದು ವ್ಯತ್ಯಾಸವಿದೆ, ಮೂಲಪ್ರಶ್ನೆಗೆ ಅದೇ ಉತ್ತರವೆಂದು ನನ್ನ ಅಭಿಪ್ರಾಯ. ನೀಟ್ ಬರೆದು ಬಂದ ಸಂಜೆಯೇ ಕೋಚಿಂಗ್ ಕೇಂದ್ರಗಳು ಕೀ ಉತ್ತರ ಹಾಕುತ್ತವೆ. ಅಳುವವರು ಅಂದೇ ಅತ್ತು ಮುಗಿಸುತ್ತಾರೆ. ಸಂದರ್ಶನಕ್ಕೆ ಕೀ ಉತ್ತರವಿಲ್ಲ. ತಾಳೆ ನೋಡಲು ಏನೂ ಇಲ್ಲದ ಕಾರಣ ಮನಸ್ಸು ಆ ಕೋಣೆಯ ಮುಖಗಳನ್ನೇ ಕೀ ಉತ್ತರವೆಂದುಕೊಂಡು, ಒಬ್ಬರು ಹುಬ್ಬು ಏರಿಸಿದ್ದಕ್ಕೆ ನಾಲ್ಕು ಅಂಕ ಕಳೆದು, ಇನ್ನೊಬ್ಬರು ನಕ್ಕದ್ದಕ್ಕೆ ಎರಡು ಸೇರಿಸಿ, ದಿನವಿಡೀ ಕೂಡಿಸಿ ಕಳೆಯುತ್ತಿರುತ್ತದೆ.

ಅಂದ ಹಾಗೆ, ಕರ್ನಾಟಕದ ಸೀಟಿಗೆ ಗಡಿನಾಡ ಕನ್ನಡಿಗರ ವಿಭಾಗದಲ್ಲಿ ಅರ್ಜಿ ಹಾಕಿದರೆ ಅಲ್ಲಿಯ ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಗೆ ಕೂರಬೇಕು. ಪುಣೆಯಲ್ಲಿ ಇಂಗ್ಲಿಷ್ ಬರುತ್ತದೆಯೇ ಎಂದು ನೋಡುತ್ತಾರೆ, ಅಲ್ಲಿ ಕನ್ನಡ ಬರುತ್ತದೆಯೇ ಎಂದು ನೋಡುತ್ತಾರೆ, ಇಲ್ಲಿ ಕಚೇರಿಗೆ ಹೋದರೆ ಮಲಯಾಳ. ನಾವು ವೈದ್ಯರಾಗುವುದಕ್ಕಿಂತ ದುಭಾಷಿಗಳಾಗುವುದು ಸುಲಭ.


ಪೆರ್ಲದ ವಿದ್ಯಾರ್ಥಿನಿ | ಮಂಗಳವಾರ, ಮಧ್ಯಾಹ್ನ 1.15

ಹಿರಿಯರಿಗೆ ಧನ್ಯವಾದ. ಸಂಕದ ಅರ್ಥದ ಪ್ರಸಂಗವನ್ನು ಅಜ್ಜನಿಗೆ ಓದಿ ಹೇಳಿದೆ, ಅವರು ನಕ್ಕು ಕೆಮ್ಮಿದರು. 'ಅಂಕವೇ ಸಾಕು' ಅವರಿಗೆ ಒಂದು ಮಾತು: ಇಂಗ್ಲಿಷ್ ಅಡ್ಡಿಯಾಯಿತೆಂಬುದು ನಿಜ, ಆದರೆ ಅದೊಂದನ್ನೇ ದೂರಿದರೆ ನಾನು ಸುಲಭವಾಗಿ ಪಾರಾದಂತೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ್ದರೂ, ಸಮವಸ್ತ್ರದವರ ಎದುರು ನಾನು ಅಷ್ಟು ಚುರುಕಾಗಿ ಹೇಳುತ್ತಿದ್ದೆನೇ ಎಂದು ನನಗೇ ಅನುಮಾನವಿದೆ.

ನನ್ನನ್ನು ಕಾಡುವುದು ಅಂಕಕ್ಕಿಂತ ಬೇರೆಯೇ ಎಂದು ಇಂದು ಬೆಳಗ್ಗೆ ಅನ್ನಿಸಿತು. ಇಡೀ ಊರಿನ ಪರವಾಗಿ ಹೇಳಬಹುದಾಗಿದ್ದ ಒಂದು ಸಂಗತಿಯನ್ನು ನನ್ನ ಕೈಗೆ ಕೊಟ್ಟಿದ್ದರು, ನಾನು ಅದನ್ನು ಕೆಳಗೆ ಹಾಕಿದೆ.


ಲೆಸ್ಟರ್‌ನಿಂದ ನೀರ್ಚಾಲಿನವ | ಮಂಗಳವಾರ, ರಾತ್ರಿ 9.30

ನನ್ನ ಹುಟ್ಟೂರು ನೀರ್ಚಾಲು; ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ವೈದ್ಯಕೀಯಕ್ಕೆ ಅರ್ಜಿ ಹಾಕುವವರು ಒಂದು ವರ್ಷಕ್ಕೆ ನಾಲ್ಕು ಕಾಲೇಜುಗಳನ್ನು ಮಾತ್ರ ಆರಿಸಬಹುದು. ಅಕ್ಟೋಬರ್ ಮಧ್ಯದೊಳಗೆ ಅರ್ಜಿ ಸಲ್ಲಬೇಕು, ಸಂದರ್ಶನಗಳು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿನವರೆಗೆ ನಡೆಯುತ್ತವೆ. ಅಲ್ಲಿ ಪುಣೆಗೆ ಹೋಗುವವರು ಬೆರಳೆಣಿಕೆಯಷ್ಟಾದರೆ ಇಲ್ಲಿ ಬಹುತೇಕ ಎಲ್ಲ ಮಕ್ಕಳೂ ಈ ಬೇನೆಯನ್ನು ಪಡಬೇಕು. ನನ್ನ ಮಗಳು ಎರಡು ವರ್ಷದ ಹಿಂದೆ ಪಟ್ಟಿದ್ದಾಳೆ.

ಅವಳಿಗಾದದ್ದು ಒಂದೇ ಕೋಣೆಯ ಸಂದರ್ಶನವಲ್ಲ. ಸಾಲಾಗಿ ಹಲವು ಕೋಣೆಗಳು. ಗಂಟೆ ಬಾರಿಸಿದೊಡನೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಒಂದರಲ್ಲಿ ಕೆಟ್ಟ ಸುದ್ದಿ ತಿಳಿಸುವ ಅಭಿನಯ, ಮತ್ತೊಂದರಲ್ಲಿ ನೀತಿಯ ಗೊಂದಲದ ಪ್ರಶ್ನೆ, ಮಗದೊಂದರಲ್ಲಿ ಅಪರಿಚಿತನಿಗೆ ಏನನ್ನೋ ವಿವರಿಸುವುದು. ಈ ಕ್ರಮ ಹುಟ್ಟಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, ಅದರ ಮೊದಲ ವಿವರಣೆ ಪ್ರಕಟವಾದದ್ದು 2004ರಲ್ಲಿ. ಒಂದು ಸಮಿತಿಯ ಒಂದು ಅನಿಸಿಕೆಯ ಮೇಲೆ ಮಗುವಿನ ಭವಿಷ್ಯ ನಿಲ್ಲಬಾರದು, ಪ್ರತಿ ಕೋಣೆಯವರೂ ಬೇರೆ ಬೇರೆಯಾಗಿ ಅಂಕ ಕೊಟ್ಟರೆ ಒಬ್ಬರ ಮೆಚ್ಚುಗೆ ಮುನಿಸುಗಳು ಕರಗಿಹೋಗುತ್ತವೆ ಎಂಬುದು ಅದರ ಹಿಂದಿನ ತರ್ಕ.

ತರ್ಕ ಚೆನ್ನಾಗಿದೆ. ಆದರೆ ಅನುಭವಿಸುವವರ ಕಡೆಯಿಂದ ನೋಡಿದರೆ ಅದು ಬೇರೆಯೇ. ಮಗಳು ಮೂರನೆಯ ಕೋಣೆಯಲ್ಲಿ ಎಡವಿದಳು, ನಾಲ್ಕನೆಯ ಕೋಣೆಯಲ್ಲಿ ಮೂರನೆಯದನ್ನೇ ಯೋಚಿಸುತ್ತಿದ್ದಳು, ಐದನೆಯದರಲ್ಲಿ ನಾಲ್ಕನೆಯದನ್ನು. ಅಲ್ಲಿಯ ಗೋಡೆಗಳು ಅಂಕಪಟ್ಟಿಯನ್ನು ಬೇರ್ಪಡಿಸಿದ್ದವು, ಅವಳ ತಲೆಯೊಳಗೆ ಗೋಡೆಗಳಿರಲಿಲ್ಲ. ಮನೆಗೆ ಬಂದು ಕೋಣೆಗಳ ನಕ್ಷೆಯನ್ನೇ ಬರೆದು ಪ್ರತಿಯೊಂದಕ್ಕೂ ತಾನೇ ಅಂಕ ಹಾಕಿದಳು. ಹಾಗೆ ಮಾಡಬಾರದೆಂದು ಕಾಲೇಜಿನವರೇ ಹೇಳಿದ್ದರೂ ಕೇಳಲಿಲ್ಲ. ಇಂಗ್ಲಿಷಿನಲ್ಲಿಯೇ ಹುಟ್ಟಿ ಬೆಳೆದವಳು ಅವಳು, ಉಚ್ಚಾರಣೆಯ ಅಳುಕು ಇಲ್ಲದವಳು. ಆದ್ದರಿಂದ 'ಅಂಕವೇ ಸಾಕು' ಅವರ ಕೀ ಉತ್ತರದ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಭಾಷೆಯ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ.

ಮಂಜೇಶ್ವರದ ತಾಯಿಗೆ: ನಾನು ಮಾಡಿದ ತಪ್ಪೆಂದರೆ ಅವಳು ಹೇಳಿದ ಪ್ರತಿ ಉತ್ತರಕ್ಕೂ 'ಅದು ಚೆನ್ನಾಗಿಯೇ ಇದೆಯಲ್ಲ' ಎಂದದ್ದು. ಕೇಳಿ ಕೇಳಿ ಅವಳು, 'ಅಪ್ಪಾ, ನೀನು ಸಮಿತಿಯಲ್ಲಿರಲಿಲ್ಲ' ಎಂದಳು.


ಸಮುದಾಯ ವೈದ್ಯಶಾಸ್ತ್ರದವರು | ಬುಧವಾರ, ಸಂಜೆ 5.50

ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಮೂಲ ಮುಳಿಯಾರಿನ ಕಡೆ. ಅನಿಸಿಕೆಗೂ ಫಲಿತಾಂಶಕ್ಕೂ ಸಂಬಂಧವಿದೆಯೇ ಎಂಬ ಮೂಲಪ್ರಶ್ನೆಯ ಬದಿಯಲ್ಲಿ ಇನ್ನೊಂದು ಪ್ರಶ್ನೆಯನ್ನು ಇಡುತ್ತೇನೆ: ಸಂದರ್ಶನದ ಅಂಕಕ್ಕೂ ಮುಂದೆ ಒಳ್ಳೆಯ ವೈದ್ಯರಾಗುವುದಕ್ಕೂ ಎಷ್ಟು ಸಂಬಂಧವಿದೆ?

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ 1979ರಲ್ಲಿ ಯಾರೂ ಯೋಜಿಸದೆ ಒಂದು ಪ್ರಯೋಗ ನಡೆದುಹೋಯಿತು. ಅವರು ಸುಮಾರು 800 ಮಂದಿಯನ್ನು ಸಂದರ್ಶಿಸಿ, ಸಾಲಾಗಿ ಕ್ರಮಾಂಕ ಹಾಕಿ, ಮೇಲಿನವರಿಂದ 150 ಮಂದಿಯನ್ನು ತೆಗೆದುಕೊಂಡಿದ್ದರು. ಅಷ್ಟರಲ್ಲಿ ಇನ್ನೂ 50 ಮಂದಿಯನ್ನು ಸೇರಿಸಬೇಕೆಂದು ರಾಜ್ಯದ ಶಾಸನಸಭೆಯಿಂದ ಆದೇಶ ಬಂತು. ಆ ಹೊತ್ತಿಗೆ ಮೇಲಿನವರೆಲ್ಲ ಬೇರೆ ಕಡೆ ಸೇರಿಯಾಗಿತ್ತು. ಉಳಿದಿದ್ದವರು ಪಟ್ಟಿಯ ತಳದವರು, ಹೆಚ್ಚಿನವರನ್ನು ಬೇರೆ ಯಾವ ಕಾಲೇಜೂ ತೆಗೆದುಕೊಂಡಿರಲಿಲ್ಲ. ಅವರನ್ನೇ ಸೇರಿಸಿದರು. ಓದಿನುದ್ದಕ್ಕೂ, ಪದವಿಯ ಅನಂತರದ ಮೊದಲ ವರ್ಷದ ತರಬೇತಿಯಲ್ಲಿಯೂ ಎರಡು ಗುಂಪುಗಳನ್ನು ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1987ರಲ್ಲಿ ಅದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಹಳೆಯ ಮಾದರಿಯ, ಗೊತ್ತುಗುರಿಯಿಲ್ಲದ ಮಾತುಕತೆಯಂಥ ಸಂದರ್ಶನ; ಲೆಸ್ಟರಿನವರು ಹೇಳಿದ ಹಲವು ಕೋಣೆಗಳ ಕ್ರಮಕ್ಕೆ ಇದನ್ನು ಹಾಗೆಯೇ ಅಂಟಿಸಬಾರದು. ಆದರೆ ಆ 50 ಮಂದಿ ಸಂದರ್ಶನದಿಂದ ಮನೆಗೆ ಬಂದ ರಾತ್ರಿ ತಮ್ಮ ಬಗ್ಗೆ ಏನೆಂದುಕೊಂಡಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರಿಗೆ ಈ ಕಥೆಯನ್ನು ಹೇಳಿದ್ದಕ್ಕೆ ಅವರು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಓದುವುದನ್ನೇ ಬಿಟ್ಟರೆಂಬುದು ಬೇರೆ ಮಾತು.

ಇನ್ನೊಂದು ಅಧ್ಯಯನ ಕೆನಡಾದ ಟೊರೊಂಟೊದ್ದು, 2009ರಲ್ಲಿ ಅಲ್ಲಿಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದದ್ದು. ಸುಮಾರು ಮೂರು ಸಾವಿರ ಅಭ್ಯರ್ಥಿಗಳ ಸಂದರ್ಶನದ ಅಂಕಗಳನ್ನು ಆಯಾ ದಿನದ ಹವೆಯ ಜೊತೆಗೆ ಇಟ್ಟು ನೋಡಿದರೆ, ಮಳೆ ಬಂದ ದಿನ ಕುಳಿತವರಿಗೆ ಬಿಸಿಲಿನ ದಿನದವರಿಗಿಂತ ಸರಾಸರಿ ಶೇಕಡಾ 1ರಷ್ಟು ಕಡಿಮೆ ಅಂಕ ಬಂದಿತ್ತು. ಚಿಕ್ಕ ವ್ಯತ್ಯಾಸವೇ, ಆದರೆ ಪಟ್ಟಿಯ ಅಂಚಿನಲ್ಲಿ ನಿಂತವರಿಗೆ ಅಷ್ಟೇ ಸಾಕು.


ಅಂಕವೇ ಸಾಕು | ಬುಧವಾರ, ಸಂಜೆ 6.10

ಹಾಗಾದರೆ ಮಳೆ ಬಿಡದ ಆಟಿ ತಿಂಗಳಲ್ಲಿ ನಮ್ಮೂರಿನಲ್ಲಿ ಸಂದರ್ಶನ ನಡೆಸಿದರೆ ಯಾರಿಗೂ ಸೀಟು ಸಿಗದು.


ಮುಳ್ಳೇರಿಯಾದವ, ಎರಡನೆಯ ಸಲ | ಬುಧವಾರ, ರಾತ್ರಿ 10.15

ನಾನು ಕಳೆದ ವರ್ಷ ಪುಣೆಗೆ ಹೋದವನು. ನನ್ನದು ಪೆರ್ಲದವರ ಕಥೆಗೆ ತಿರುಗುಮುರುಗು. ಹಲಸಿನ ಹಣ್ಣಿನ ಬಗ್ಗೆ ಏನೋ ಕೇಳಿದರು, ನಾನು ಹೇಳಿದ್ದಕ್ಕೆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹೊರಗೆ ಬಂದು ಮನೆಗೆ ಫೋನು ಮಾಡಿ ಸೀಟು ಸಿಕ್ಕಿಯೇಬಿಟ್ಟಿತು ಎಂಬಂತೆ ಮಾತನಾಡಿದೆ. ಸಂದರ್ಶನವಾದ ಮೇಲೆ ವೈದ್ಯಕೀಯ ತಪಾಸಣೆ ಇರುತ್ತದೆಯಷ್ಟೆ; ಅಲ್ಲಿ ಮೂಗಿನ ನಡುಗೋಡೆ ಓರೆಯಾಗಿದೆ ಎಂದು ತಾತ್ಕಾಲಿಕವಾಗಿ ಅನರ್ಹನೆಂದು ಬರೆದರು. ಪುನರ್‌ಪರಿಶೀಲನೆಗೆ ಕೇಳಿಕೊಳ್ಳಲು ಅವಕಾಶವಿತ್ತು, ಕೇಳಿಕೊಂಡೆ. ಅದೆಲ್ಲ ಒಂದು ಹಂತಕ್ಕೆ ಬರುವಷ್ಟರಲ್ಲಿ ಪಟ್ಟಿ ಬಂತು. ಮೂಗು ನೇರವಾಗಿದ್ದರೂ ನನ್ನ ಒಟ್ಟು ಅಂಕಕ್ಕೆ ಸೀಟು ಸಿಗುತ್ತಿರಲಿಲ್ಲ.

ಸಂತೋಷದಿಂದ ಹೊರಬಂದವರ ಅವಸ್ಥೆಯನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನಿಮಗೆ ಆ ಕೋಣೆ ನೆನಪಾದರೆ ಸಂಕಟವಾಗುತ್ತದೆ. ನನಗೆ ಇಂದಿಗೂ ಆ ಕೋಣೆ ನೆನಪಾದರೆ ಸುಖವಾಗುತ್ತದೆ, ಆ ಸುಖವನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಅವರು ನಕ್ಕದ್ದು ನನ್ನ ಜೊತೆಗೋ ನನ್ನನ್ನು ನೋಡಿಯೋ ಎಂಬ ಪ್ರಶ್ನೆ ಮೂರು ತಿಂಗಳಾದ ಮೇಲೆ ಹುಟ್ಟಿತು. ಈ ವರ್ಷ ಮತ್ತೆ ನೀಟ್ ಬರೆದಿದ್ದೆ, ಕರೆಪಟ್ಟಿಗೆ ಎರಡು ಅಂಕ ಸಾಲಲಿಲ್ಲ. ಮುಂದಿನ ವರ್ಷಕ್ಕೆ ಓದುತ್ತಿದ್ದೇನೆ.

ಮಂಜೇಶ್ವರದ ಅಮ್ಮನವರೇ, ನೆಂಟರಿಗೆ 'ಪಟ್ಟಿ ಬಂದ ಮೇಲೆ ನಾವೇ ಹೇಳುತ್ತೇವೆ' ಎಂದು ಹೇಳಿಬಿಡಿ. ನನ್ನ ಅಮ್ಮ ನನ್ನ ಫೋನನ್ನು ನಂಬಿ ಹನ್ನೊಂದು ಮನೆಗಳಿಗೆ ಸುದ್ದಿ ಮುಟ್ಟಿಸಿದ್ದರು. ಆಮೇಲೆ ಆ ಹನ್ನೊಂದು ಮನೆಗಳಿಗೂ ಇನ್ನೊಮ್ಮೆ ಫೋನು ಮಾಡಬೇಕಾಯಿತು.


ಮಂಜೇಶ್ವರದ ತಾಯಿ | ಗುರುವಾರ, ಬೆಳಗ್ಗೆ 6.05

ಬರೆದವರಿಗೆಲ್ಲ ಉಪಕಾರವಾಯಿತು. ನಿನ್ನೆ ರಾತ್ರಿ ನಾನು ಏನನ್ನೂ ಕೇಳದೆ ಹಲಸಿನ ಹಪ್ಪಳ ಕಾಯಿಸಿಕೊಟ್ಟೆ. ತಿನ್ನುತ್ತಾ ತಾನಾಗಿಯೇ ಒಂದು ಪ್ರಶ್ನೆಯ ಬಗ್ಗೆ ಹೇಳಿದ. ನನಗೆ ಅರ್ಥವಾಗಲಿಲ್ಲ, ಅರ್ಥವಾಗಲಿಲ್ಲ ಎಂದೇ ಹೇಳಿದೆ. ಆಗ ಅವನು ಅದನ್ನು ನನಗೆ ಕನ್ನಡದಲ್ಲಿ ವಿವರಿಸಿದ, ಅರ್ಧ ಗಂಟೆ.


ಪೆರ್ಲದ ವಿದ್ಯಾರ್ಥಿನಿ | ಗುರುವಾರ, ರಾತ್ರಿ 8.30

ಮಂಜೇಶ್ವರದವರ ಮಾತು ಓದಿ ನಾನೂ ಅದನ್ನೇ ಮಾಡಿದೆ. ಕೇಳುವುದಕ್ಕೆ ಅಮ್ಮ ಸಿಕ್ಕಿದರು. ಮಳೆಗಾಲಕ್ಕೆಂದು ತೆಗೆದಿಟ್ಟ ಚಾಲಿ ಅಡಕೆ ಸುಲಿಯುತ್ತಾ ಕೂತಿದ್ದೆವು. ಅಪ್ಪ ಎರಡನೆಯ ಸಲದ ಬೋರ್ಡೋ ಸಿಂಪಡಣೆಗೆ ಹೊಳವಾಗುವುದನ್ನು ಕಾಯುತ್ತಾ ಜಗಲಿಯಿಂದ ಆಕಾಶ ನೋಡುತ್ತಿದ್ದರು. ಸಮಿತಿಗೆ ಹೇಳಬೇಕೆಂದಿದ್ದುದನ್ನು ಅವರಿಬ್ಬರಿಗೆ ಹೇಳಿದೆ. ಇಲ್ಲಿಯೂ ಬರೆದಿಡುತ್ತೇನೆ.

ನಮ್ಮ ಎಣ್ಮಕಜೆ ಪಂಚಾಯತಿನ ಸುತ್ತಿನ ಗುಡ್ಡಗಳಲ್ಲಿ ಗೇರು ತೋಟಗಳಿವೆ. ಅವುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ಇಳಿದು ಕಣಿವೆಯ ಮನೆಗಳ ಬಾವಿಗೂ ಸುರಂಗದ ನೀರಿಗೂ ಬಂತು. (ನಮ್ಮ ಕಡೆ ಸುರಂಗವೆಂದರೆ ರೈಲಿನದ್ದಲ್ಲ, ಗುಡ್ಡವನ್ನು ಅಡ್ಡ ಕೊರೆದು ಕುಡಿಯುವ ನೀರು ತೆಗೆಯುವ ದಾರಿ. ಸಮಿತಿಯವರಿಗೆ ಇದನ್ನು ಹೇಳಿದ್ದರೆ ಇನ್ನೆರಡು ನಿಮಿಷ ಹೋಗುತ್ತಿತ್ತು.) ವಾಣೀನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಚಿಕ್ಕ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನ ಊನ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಅವರು ಬರೆದು ಹೊರಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲಿಯೇ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ನಾನು ವೈದ್ಯಳಾಗಬೇಕೆಂದುಕೊಂಡದ್ದು ಯಾರನ್ನೋ ಬದುಕಿಸಿದ ದೊಡ್ಡ ಆಸ್ಪತ್ರೆಯನ್ನು ನೋಡಿ ಅಲ್ಲ. ಸಣ್ಣ ಊರಿನಲ್ಲಿ ಕುಳಿತು, ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡದೆ ಎಲ್ಲರನ್ನೂ ಒಟ್ಟಿಗೆ ನೋಡಿದ ಒಬ್ಬ ವೈದ್ಯರ ಕಥೆಯನ್ನು ಕೇಳಿ.

ಹೇಳಿ ಮುಗಿಸುವಾಗ ಅಮ್ಮ, ಹೆಲಿಕಾಪ್ಟರ್ ಬರುವ ದಿನ ಬಾವಿಗೆ ಸೋಗೆ ಮುಚ್ಚುತ್ತಿದ್ದುದನ್ನು ಹೇಳಿದರು. ಅದು ನನಗೆ ಇದುವರೆಗೆ ಗೊತ್ತಿರಲಿಲ್ಲ.


ಬದಿಯಡ್ಕದ ಹಳೆಯ ವೈದ್ಯ | ಗುರುವಾರ, ರಾತ್ರಿ 9.45

ಓದಿದೆ, ಎರಡು ಸಲ ಓದಿದೆ. ಆದರೂ ಮೇಜಿನ ಆಚೆಯವನಾಗಿ ಒಂದು ತಕರಾರು. ಅವರು ಕೇಳಿದ್ದು ಅದು ದೇಹದಲ್ಲಿ ಏನು ಮಾಡುತ್ತದೆ ಎಂದು. ನೀವು ಈಗ ಬರೆದದ್ದು ಆ ಪ್ರಶ್ನೆಯ ಉತ್ತರವೇ ಅಲ್ಲ. ಬೇರೆ ಯಾವುದೋ ಪ್ರಶ್ನೆಯ ಒಳ್ಳೆಯ ಉತ್ತರ. ಅಲ್ಲಿ ಇದನ್ನು ಹೇಳಲು ಹೊರಟಿದ್ದರೆ ಮೂರನೆಯ ವಾಕ್ಯದಲ್ಲಿ ಯಾರಾದರೂ ಕೈ ತೋರಿಸಿ ನಿಲ್ಲಿಸುತ್ತಿದ್ದರು. ನೀವು ನಿಜವಾಗಿ ಕೆಳಗೆ ಹಾಕಿದ್ದು ಗಾಬಾದ ಎರಡು ವಾಕ್ಯಗಳನ್ನು ಮಾತ್ರ. ಊರನ್ನಲ್ಲ.

ಇನ್ನೊಂದು ಸಂಗತಿ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ತಲಪಾಡಿಯಲ್ಲಿ ದಾರಿ ಮುಚ್ಚಿ ಇಲ್ಲಿಯ ರೋಗಿಗಳು ಮಂಗಳೂರಿಗೆ ಹೋಗಲಾರದೆ ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು, ಎಂಬಿಬಿಎಸ್‌ನ 50 ಸೀಟುಗಳಿಗೆ ಅನುಮತಿ ಬಂದದ್ದು 2025ರಲ್ಲಿ. ಪೆರ್ಲದಿಂದ ಅದು ಎಷ್ಟು ದೂರವೆಂದು ನಿಮಗೇ ಗೊತ್ತು. ಪುಣೆಯ ಪಟ್ಟಿ ಏನೇ ಆಗಲಿ, ಕೇರಳದ ಹಂಚಿಕೆಯಲ್ಲಿ ಆಯ್ಕೆಗಳನ್ನು ತುಂಬುವಾಗ ಅದನ್ನು ಕೊನೆಗೆ ಹಾಕಬೇಡಿ.


ಪೆರ್ಲದ ವಿದ್ಯಾರ್ಥಿನಿ | ಮರುವಾರ ಬುಧವಾರ, ಸಂಜೆ 4.20

ಕೇಳಿದವರಿಗಾಗಿ: ಪಟ್ಟಿ ಬಂದಿದೆ. ನಾನು ಕಾಯುವವರ ಸಾಲಿನಲ್ಲಿದ್ದೇನೆ, ಮುಂದೆ ಕೆಲವರು ಬಿಟ್ಟುಕೊಟ್ಟರೆ ಮಾತ್ರ ಆಸೆ. ಮಂಜೇಶ್ವರದ ತಮ್ಮನಿಗೆ ಏನಾಯಿತೆಂದು ಕೇಳುವುದಿಲ್ಲ, ಹೇಳಬೇಕೆನಿಸಿದಾಗ ಹೇಳಲಿ. ಕೇರಳದ ಆಯ್ಕೆಗಳನ್ನು ತುಂಬಿದ್ದೇನೆ. ಉಕ್ಕಿನಡ್ಕವನ್ನು ಎರಡನೆಯದಾಗಿ ಹಾಕಿದ್ದೇನೆ, ಮೊದಲನೆಯದು ಯಾವುದೆಂದು ಡಾಕ್ಟರರು ಬೈಯುವವರೆಗೆ ಹೇಳುವುದಿಲ್ಲ.

ನಿದ್ರೆ ಶನಿವಾರದಿಂದ ಬಂದಿದೆ. ಯಾಕೆ ಅಂದೇ ಬಂತೆಂದು ತಿಳಿಯದು. ಪಟ್ಟಿ ಬಂದದ್ದು ಸೋಮವಾರ.

ಮುಳ್ಳೇರಿಯಾದವರು ಖಾಸಗಿಯಾಗಿ ಪ್ರಶ್ನೆಗಳ ಪಟ್ಟಿ ಕೇಳಿದ್ದರು. ಎಲ್ಲವನ್ನೂ ಬರೆದು ಕಳುಹಿಸಿದ್ದೇನೆ. ಊರು ಎಲ್ಲಿ ಎಂಬ ಪ್ರಶ್ನೆಗೆ ಮಾತ್ರ ಒಂದೇ ವಾಕ್ಯದ ಉತ್ತರವನ್ನು ಈಗಲೇ ಸಿದ್ಧ ಮಾಡಿಕೊಳ್ಳಿ. ನನ್ನದು ಎಷ್ಟು ಕತ್ತರಿಸಿದರೂ ಇನ್ನೂ ಮೂರು ವಾಕ್ಯಗಳಷ್ಟಿದೆ.